ಐದು ಟಿಕೆಟ್, ಎರಡು ನಿದ್ದೆ

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ಹೈಡ್ರಾಲಿಕ್ ಪ್ರೆಸ್‌ಗೆ ಒತ್ತಡ ಕೊಟ್ಟಾಗ ನಮ್ಮ ಸಿಲಿಂಡರಿನ ಬಾಯಿಯಿಂದ ಎಣ್ಣೆ ಜಿನುಗಿತು. ಜಿನುಗಿತು ಎಂಬುದು ನಮ್ಮ ಹುಡುಗರ ಮಾತು. ಮೊಬೈಲಿಗೆ ಬಂದ ವಿಡಿಯೋದಲ್ಲಿ ಅದು ಧಾರೆಯಾಗಿಯೇ ಸುರಿಯುತ್ತಿತ್ತು. ಬಿಚ್ಚಿ ನೋಡಿದರೆ ಎಣ್ಣೆ ಹೊರಬರದಂತೆ ತಡೆಯುವ ಬಳೆ, ಅಂದರೆ ಸೀಲು, ತಿರುವುಮುರುವಾಗಿ ಕೂತಿದೆ. ಯು ಸೀಲಿನ ತುಟಿ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಎಣ್ಣೆ ಒತ್ತಿದಷ್ಟೂ ತುಟಿ ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹಿಂದುಮುಂದಾಗಿ ಕೂರಿಸಿದರೆ ಅದೇ ಎಣ್ಣೆ ತುಟಿಯನ್ನು ಮಡಚಿ ದಾರಿ ಮಾಡಿಕೊಳ್ಳುತ್ತದೆ. ಇದು ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ವಾರವೇ ಹೇಳಿಕೊಡುವ ಸಂಗತಿ. ಹಾಗೆ ಕೂರಿಸಿದವರು ಇಪ್ಪತ್ತೆಂಟು ವರ್ಷ ಅದನ್ನೇ ಕಲಿಸಿಕೊಂಡು ಬಂದ ನಮ್ಮ ಹಿರಿಯ ಫಿಟ್ಟರ್.

ಅವರು ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಆ ನಿದ್ದೆಯನ್ನು ಕಿತ್ತುಕೊಂಡವಳು ನಾನು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಹೈಡ್ರಾಲಿಕ್ಸ್ ಕಾರ್ಖಾನೆಯ ಕಚೇರಿ ನೋಡಿಕೊಳ್ಳುತ್ತೇನೆ. ಹಾಜರಿ, ಪಗಾರ, ಬಿಲ್ಲು, ಜೊತೆಗೆ ಹೊರಗಿನ ಕೆಲಸಕ್ಕೆ ಹೋಗುವವರ ಟಿಕೆಟ್ಟು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಬೆಂಗಳೂರಿನವರು. ರಾತ್ರಿ ಊಟ ಮುಗಿಸಿ ಹತ್ತಿದರೆ ಸುಮಾರು 610 ಕಿಲೋಮೀಟರ್ ದಾಟಿ ಬೆಳಗ್ಗೆ ಯಶವಂತಪುರದಲ್ಲಿ ಇಳಿದು ಮೆಟ್ರೊ ಹಿಡಿದು ಪೀಣ್ಯ ಸೇರಬಹುದು. ವಸತಿಗೃಹದ ಖರ್ಚಿಲ್ಲ, ಹಗಲು ಪೋಲಾಗುವುದಿಲ್ಲ. ಮಾಲಕರಿಗೆ ರಾತ್ರಿ ರೈಲೆಂದರೆ ಅಷ್ಟು ಪ್ರೀತಿ ಇರುವುದು ಇದಕ್ಕೇ. ನನಗೂ ಇತ್ತು.

ಅದು 2023ರ ಮಳೆಗಾಲ. ಐವರು ಶನಿವಾರ ರಾತ್ರಿ ಹೊರಡಬೇಕಿತ್ತು. ಕೆಲಸದ ಆದೇಶ ಬಂದದ್ದು ನಾಲ್ಕು ದಿನ ಮೊದಲು. ಹೆಸರುಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ತುಂಬಿದೆ. ಮೊದಲ ಮೂವರಿಗೆ ಬರ್ತ್ ಸಿಕ್ಕಿತು, ಕೊನೆಯ ಇಬ್ಬರಿಗೆ ಆರ್‌ಎಸಿ. ಆ ಇಬ್ಬರಲ್ಲಿ ಒಬ್ಬರು ಹಿರಿಯ ಫಿಟ್ಟರ್. ಆರ್‌ಎಸಿ ಎಂದರೆ ಒಂದು ಬರ್ತನ್ನು ಇಬ್ಬರು ಹಂಚಿಕೊಂಡು ಕೂರಬೇಕು, ಆದರೆ ರೈಲು ಹತ್ತಲು ಅಡ್ಡಿಯಿಲ್ಲ, ಚಾರ್ಟ್ ಆಗುವ ಹೊತ್ತಿಗೆ ಬರ್ತ್ ಬಂದರೂ ಬಂದೀತು ಎಂದುಕೊಂಡು ಐದೂ ಸಾಲಿನ ಮುಂದೆ ಸರಿ ಗುರುತು ಹಾಕಿದೆ. ಚಾರ್ಟ್ ಆಯಿತು, ಬರ್ತ್ ಬರಲಿಲ್ಲ. ಶನಿವಾರ ಮಧ್ಯಾಹ್ನ ಮೂವರಲ್ಲಿ ಒಬ್ಬ ಹುಡುಗ ಬಂದು, "ಮೇಡಂ, ಊರಿಗೆ ಹೋಗಿ ಊಟ ಮಾಡಿಕೊಂಡು ಲೋಂಡಾದಲ್ಲಿ ಹತ್ತುತ್ತೇನೆ ರೀ" ಎಂದ. "ಆಯಿತು ಹೋಗಪ್ಪಾ" ಎಂದೆ. ಟಿಕೆಟ್ಟಿನಲ್ಲಿ ಹತ್ತುವ ನಿಲ್ದಾಣ ಬೆಳಗಾವಿ ಎಂದಿತ್ತು. ಅದನ್ನು ಮೊದಲೇ ಬದಲಿಸಬೇಕಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಐದೂ ಜನರ ಬಾಯಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ರೈಲು ಬೆಳಗಾವಿ ಬಿಟ್ಟದ್ದೇ ಒಂದೂವರೆ ಗಂಟೆ ತಡವಾಗಿ. ಟಿ.ಸಿ. ಬಂದು ನೋಡಿದಾಗ ಹುಡುಗನ ಬರ್ತ್ ಖಾಲಿ. ಈಗ ಅವರ ಕೈಯಲ್ಲಿ ಕಾಗದದ ಚಾರ್ಟಿನ ಬದಲು ಪುಟ್ಟ ಯಂತ್ರವಿದೆ. ಬಾರದವರ ಬರ್ತ್ ಅದರಲ್ಲೇ ಆರ್‌ಎಸಿ ಸರದಿಯಲ್ಲಿ ಮುಂದಿದ್ದವರಿಗೆ ಹೋಗುತ್ತದೆ. ಸರದಿಯಲ್ಲಿ ಮುಂದಿದ್ದವರು ನಮ್ಮವರಲ್ಲ. ನಡುರಾತ್ರಿ ಲೋಂಡಾದಲ್ಲಿ ಮಳೆಯಲ್ಲಿ ತೊಯ್ದು ಹತ್ತಿದ ಹುಡುಗನಿಗೆ ತನ್ನ ಜಾಗದಲ್ಲಿ ಯಾರೋ ಹೊದ್ದು ಮಲಗಿರುವುದು ಕಂಡಿತು. ಕೊನೆಗೆ ಒಂದು ಸೈಡ್ ಲೋವರ್ ಬರ್ತಿನ ಮೇಲೆ ಮೂವರು. ಎರಡು ಅರ್ಧಗಳ ನಡುವಿನ ಸಂದು ಸೊಂಟಕ್ಕೆ ಒತ್ತುತ್ತಿದೆ, ಎದುರಿನವರ ಮೊಣಕಾಲು ಮೊಣಕಾಲಿಗೆ ತಾಗುತ್ತಿದೆ, ತೊಡೆಯ ಮೇಲೆ ಸೀಲ್ ಕಿಟ್ಟಿನ ಡಬ್ಬಿ. ಕೆಳಗಿಟ್ಟರೆ ಯಾರಾದರೂ ಒದೆಯುತ್ತಾರೆಂದು ಹಿರಿಯರು ಅದನ್ನು ಇಡೀ ರಾತ್ರಿ ಹಿಡಿದುಕೊಂಡೇ ಇದ್ದರು. ಬರ್ತ್ ಸಿಕ್ಕ ಇಬ್ಬರು ಎದ್ದು ಬಂದು "ಮಾಮಾ, ನೀವು ಮಲಗಿರಿ" ಎಂದರಂತೆ. "ನನಗೇನು ಆಗಿದೆ? ನೀವು ಮಲಗಿ, ನಾಳೆ ಭಾರ ಎತ್ತುವವರು ನೀವು" ಎಂದು ಇವರು ಗದರಿಸಿ ಕಳಿಸಿದರು. ಭಾರ ಎತ್ತುವುದಕ್ಕೆ ಹೈಡ್ರಾ ಕ್ರೇನ್ ಇತ್ತು. ಬಾಡಿಗೆ ಎಂಟು ಗಂಟೆಯಿಂದ ಓಡುತ್ತಿತ್ತು. ರೈಲು ಯಶವಂತಪುರ ಸೇರಿದಾಗ ಒಂಬತ್ತೂವರೆ ದಾಟಿತ್ತು.

ಮುಂದಿನದು ನಿಮಗೆ ಗೊತ್ತೇ ಇದೆ. ತಡವಾಗಿದ್ದಕ್ಕೆ ಅವಸರ, ಅವಸರಕ್ಕೆ ತಿರುಗಿದ ಸೀಲು, ಸೀಲಿಗೆ ಮತ್ತೊಮ್ಮೆ ಬಿಚ್ಚುವ ಕೆಲಸ, ಕ್ರೇನಿಗೆ ಇನ್ನೊಂದು ಪಾಳಿಯ ಬಾಡಿಗೆ. ಭಾನುವಾರ ರಾತ್ರಿ ಓಡಬೇಕಿದ್ದ ಪ್ರೆಸ್ ಸೋಮವಾರ ಹತ್ತಕ್ಕೆ ಓಡಿತು. ಮಾಲಕರು ಬೈಯಲಿಲ್ಲ. ಕ್ರೇನಿನ ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟು, ಅದರ ಮೇಲೆ ಪೆನ್ನಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ಯಾವ ರೈಲು ಎಂದು ಇಲ್ಲಿ ಬರೆಯುವುದಿಲ್ಲ. ರೈಲು ತಡವಾದದ್ದು ನಿಜ, ಆದರೆ ತಡವಾಗಬಹುದು ಎಂದು ಲೆಕ್ಕ ಹಾಕದೆ ಕ್ರೇನಿಗೆ ಎಂಟು ಗಂಟೆ ಎಂದು ಹೇಳಿದವಳು ನಾನೇ.

ನಮ್ಮ ಓಣಿಯಲ್ಲಿ ನಿವೃತ್ತ ಗಾರ್ಡ್ ಒಬ್ಬರಿದ್ದಾರೆ, ಎಲ್ಲರಿಗೂ ಕಾಕಾ. ತಿಲಕವಾಡಿಯ ಗೇಟಿನ ಕಡೆಯಿಂದ ಸದ್ದು ಕೇಳಿದರೆ ಗೂಡ್ಸೋ ಪ್ಯಾಸೆಂಜರೋ ಎಂದು ಪೇಪರಿನಿಂದ ತಲೆ ಎತ್ತದೆ ಹೇಳುವವರು. ನನ್ನ ಗೋಳು ಕೇಳಿ ಅವರು ಕೇಳಿದ ಪ್ರಶ್ನೆ ಒಂದೇ: "ಅವತ್ತು ಬೆಳಗ್ಗೆ ಬೆಂಗಳೂರಿನಿಂದ ಬಂದ ರೈಲು ಎಷ್ಟು ಹೊತ್ತಿಗೆ ಬಂತು, ನೋಡಿದ್ದೆಯಾ?"

ನಾನು ಯಾಕೆ ನೋಡಲಿ? ನನ್ನ ಜನ ಹೋಗುವವರು, ಬರುವವರಲ್ಲ. ಕಾಕಾ ನಕ್ಕು ಬಿಡಿಸಿ ಹೇಳಿದರು. ದಿನವೂ ಎರಡೂ ತುದಿಯಿಂದ ಹೊರಡುವ ರಾತ್ರಿ ರೈಲಿಗೆ ಕಡಿಮೆಯೆಂದರೂ ಎರಡು ರೇಕ್, ಅಂದರೆ ಬೋಗಿಗಳ ಎರಡು ಪೂರ್ತಿ ಸಾಲು ಬೇಕು. ಒಂದು ಇಲ್ಲಿಂದ ಹೊರಡುವಾಗ ಇನ್ನೊಂದು ಅಲ್ಲಿಂದ ಹೊರಟಿರುತ್ತದೆ. ನಡುರಾತ್ರಿ ಎಲ್ಲೋ ಒಂದು ಕಡೆ ಎರಡೂ ಎದುರುಬದುರಾಗಿ ದಾಟುತ್ತವೆ. ಬೆಳಗ್ಗೆ ಬಂದ ಬೋಗಿಗಳನ್ನೇ ತೊಳೆದು, ನೀರು ತುಂಬಿ, ಬ್ರೇಕು ತಪಾಸಿಸಿ ರಾತ್ರಿ ಕಳಿಸುತ್ತಾರೆ. ಕೆಲವು ರೇಕುಗಳಿಗೆ ಹಗಲಿನಲ್ಲಿ ಮತ್ತೊಂದು ಊರಿನ ಓಡಾಟವೂ ಅಂಟಿಕೊಂಡಿರುತ್ತದೆ. ಬೆಳಗಿನದು ಒಂದು ಗಂಟೆ ತಡವಾದರೆ ಬಿಡುವಿನಲ್ಲಿ ಸರಿಹೋಗುತ್ತದೆ. ಮಧ್ಯಾಹ್ನದವರೆಗೆ ಎಳೆದರೆ ರಾತ್ರಿಯದು ತಪ್ಪಿದಂತೆಯೇ. "ರಾತ್ರಿ ರೈಲಿನ ಜಾತಕ ಬೆಳಗ್ಗೆಯೇ ಬರೆದಿರುತ್ತದೆ ತಂಗಿ, ನೀನು ಸಂಜೆ ಓದಲು ಕುಳಿತರೆ ಹೇಗೆ?"

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ತನ್ನ ವೇಳೆಯಲ್ಲಿ ಹೊರಟ ರೈಲಿಗೆ ದಾರಿಯುದ್ದಕ್ಕೂ ಜಾಗ ಕಾದಿರುತ್ತದೆ. ವೇಳೆ ತಪ್ಪಿದ ರೈಲು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಬಂದ ನೆಂಟನ ಹಾಗೆ, ಎಲೆ ಖಾಲಿಯಾಗುವವರೆಗೆ ನಿಂತಿರಬೇಕು. ಲೋಂಡಾದಲ್ಲಿ ಗೋವಾ ಮಾರ್ಗ ಬಂದು ಸೇರುತ್ತದೆ. ಮುರ್ಮುಗೋವಾ ಬಂದರಿನಿಂದ ಕಲ್ಲಿದ್ದಲು ಹೊತ್ತ ಗೂಡ್ಸುಗಳು ಕ್ಯಾಸಲ್‌ರಾಕ್ ಘಟ್ಟ ಹತ್ತಿ ಇದೇ ಹಳಿಯಲ್ಲಿ ಅಳ್ನಾವರ, ಧಾರವಾಡದ ಕಡೆಗೆ ಹೋಗುತ್ತವೆ. ಹುಬ್ಬಳ್ಳಿ ದಾಟುವಷ್ಟರಲ್ಲಿ ಒಂದೂವರೆ ಗಂಟೆ ಎರಡಾಗುವುದು ಹೀಗೆ.

ನನ್ನನ್ನು ಹೆಚ್ಚು ಬೆಪ್ಪಾಗಿಸಿದ್ದು ಯಶವಂತಪುರದ ಲೆಕ್ಕ. ನಾನು ಆವರೆಗೆ ರೈಲು ಬೆಂಗಳೂರಿನ ದೊಡ್ಡ ನಿಲ್ದಾಣವನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದಷ್ಟೇ ನೋಡುತ್ತಿದ್ದೆ. ಹೆಚ್ಚಿನ ದಿನ ಅದು ಸರಿಯಾದ ವೇಳೆಗೇ ಮುಟ್ಟುತ್ತದೆ, ಅಥವಾ ಹತ್ತು ನಿಮಿಷ ಆಚೀಚೆ. ಆದರೆ ವೇಳಾಪಟ್ಟಿ ಮಾಡುವವರು ಕೊನೆಯ ನಿಲ್ದಾಣಕ್ಕೆ ಮುಂಚಿನ ಸಣ್ಣ ದೂರಕ್ಕೆ ಕೈಬಿಟ್ಟು ಸಮಯ ಕೊಟ್ಟಿರುತ್ತಾರೆ, ತಡವಾದದ್ದನ್ನು ಅಲ್ಲಿ ಸರಿದೂಗಿಸಿಕೊಳ್ಳಲಿ ಎಂದು. ಯಶವಂತಪುರದಲ್ಲಿ ಅರ್ಧ ಗಂಟೆ ತಡವಾದ ರೈಲು ಮುಂದಿನ ನಿಲ್ದಾಣದಲ್ಲಿ ಸಮಯಕ್ಕೆ ಸರಿಯಾಗಿ ಬಂದ ರೈಲಾಗಬಹುದು. ಅದರ ಲಾಭ ಯಶವಂತಪುರದಲ್ಲೇ ಇಳಿಯುವ ನಮ್ಮವರಿಗೆ ಇಲ್ಲ. ಅಷ್ಟು ವರ್ಷ ನಾನು ನೋಡುತ್ತಿದ್ದ ಅಂಕಿ ಬೇರೆ ಪ್ರಯಾಣಿಕರದ್ದಾಗಿತ್ತು.

ಜಾಗದ ವಿಚಾರವೂ ಹೀಗೆಯೇ. ಹಳೆಯ ನೀಲಿ ಸ್ಲೀಪರ್ ಬೋಗಿಯಲ್ಲಿ 72 ಬರ್ತ್ ಇದ್ದವು, ಈಗಿನ ಎಲ್‌ಎಚ್‌ಬಿ ಬೋಗಿಯಲ್ಲಿ 80. ಹತ್ತು ಸ್ಲೀಪರ್ ಬೋಗಿ ಇರುವ ರೈಲೆಂದರೆ ಆ ದರ್ಜೆಯಲ್ಲೇ 800 ಜನ ಮಲಗುತ್ತಾರೆ. ಒಂದು ಸ್ಲೀಪರ್ ಬಸ್ಸಿನಲ್ಲಿ ಮಲಗುವವರು ಮೂವತ್ತು ಚಿಲ್ಲರೆ. ಅಷ್ಟು ಜನರನ್ನು ಸಾಗಿಸಲು ಬಸ್ ನಿಲ್ದಾಣದಿಂದ ಇಪ್ಪತ್ತೈದು ಬಸ್ಸುಗಳು ಸಾಲಾಗಿ ಹೊರಡಬೇಕು. ಇಷ್ಟು ದೊಡ್ಡ ರೈಲಿನಲ್ಲಿ ನನಗೆ ಐದು ಬರ್ತ್ ಸಿಗುವುದಿಲ್ಲವೇ ಎಂದು ನನಗೆ ಸಿಟ್ಟೇ ಬರುತ್ತಿತ್ತು. ಆದರೆ ಆ 800 ಒಂದೇ ಬುಟ್ಟಿಯಲ್ಲಿ ಇರುವುದಿಲ್ಲ. ತತ್ಕಾಲಿಗೆ ಒಂದು ಪಾಲು, ಮಹಿಳೆಯರಿಗೆ ಒಂದು, ಹಿರಿಯರ ಕೆಳಗಿನ ಬರ್ತ್‌ಗಳಿಗೆ ಒಂದು, ಸೇನೆಗೆ ಒಂದು, ದಾರಿಯ ಊರುಗಳಿಗೆ ಒಂದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರು ನಮ್ಮದು, ರಜೆಗೆ ಹೋಗುವ ಜವಾನರ ಟ್ರಂಕುಗಳಿಲ್ಲದ ಪ್ಲಾಟ್‌ಫಾರ್ಮ್ ನಾನು ನೋಡಿಲ್ಲ.

ದಾರಿಯ ಊರು ಎಂದೆನಲ್ಲ, ಬೆಳಗಾವಿಯೇ ಬಹಳ ಕಾಲ ದಾರಿಯ ಊರಾಗಿತ್ತು. ಮೀರಜ್ ಕಡೆಯಿಂದ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ನಾವು ನಡುವೆ ಹತ್ತುವವರು, ನಮ್ಮ ಪಾಲು ಬೇರೆ, ನಮ್ಮ ವೇಟಿಂಗ್ ಲಿಸ್ಟ್ ಬೇರೆ. 2019ರ ಜೂನ್‌ನಲ್ಲಿ, ನಮ್ಮ ಸಂಸದರಾಗಿದ್ದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾದ ಹೊಸತರಲ್ಲಿ, ಬೆಳಗಾವಿಯಿಂದಲೇ ಹೊರಡುವ ಬೆಂಗಳೂರು ರಾತ್ರಿ ರೈಲು ಶುರುವಾಯಿತು. ಮೊದಲ ನಿಲ್ದಾಣದಿಂದ ತೆಗೆದ ಟಿಕೆಟ್ಟು ಸಾಮಾನ್ಯ ಸರದಿಯಲ್ಲಿ ನಿಲ್ಲುತ್ತದೆ, ನಡುವಿನ ಊರಿನದಕ್ಕಿಂತ ಬೇಗ ಖಚಿತವಾಗುತ್ತದೆ. ಇದು ತಿಳಿಯುವ ಮೊದಲು ನಾನು ವೇಟಿಂಗ್ ಲಿಸ್ಟಿನ ಸಂಖ್ಯೆ ಚಿಕ್ಕದಿದ್ದರೆ ಒಳ್ಳೆಯದು ಎಂದಷ್ಟೇ ನೋಡುತ್ತಿದ್ದೆ. ಅದು ಯಾವ ಸರದಿಯ ಸಂಖ್ಯೆ ಎಂದು ನೋಡುತ್ತಿರಲಿಲ್ಲ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಟಿಕೆಟ್ಟಿನ ಸಾಲು ತೆಗೆದು ನಿದ್ದೆಯ ಸಾಲು ಹಾಕಿದ್ದೇನೆ. ಪೂರ್ತಿ ಬರ್ತ್ ಇದ್ದವನಿಗೆ ಒಂದು, ಆರ್‌ಎಸಿಗೆ ಸೊನ್ನೆ. ಅರ್ಧ ಎಂದು ಬರೆಯಲು ಮಾಲಕರು ಒಮ್ಮೆ ಹೇಳಿದರು, ನಾನು ಒಪ್ಪಲಿಲ್ಲ. ಸೀಲು ಕೂರಿಸುವವರ ಹೆಸರು ಮೊದಲು, ಸ್ಪ್ಯಾನರ್ ಹಿಡಿಯುವವರದು ಆಮೇಲೆ, ಹಾಜರಿ ಪುಸ್ತಕ ಏನೇ ಹೇಳಲಿ. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60ಕ್ಕೆ ಇಳಿದದ್ದು ನಮಗೆ ಲೆಕ್ಕಕ್ಕಿಲ್ಲ, ಅರವತ್ತು ದಿನ ಮೊದಲು ಹೇಳಿ ಕೆಡುವ ಸಿಲಿಂಡರನ್ನು ನಾನು ಕಂಡಿಲ್ಲ. ಲಾಭವಾದದ್ದು ಚಾರ್ಟಿನಿಂದ. ಮೊದಲು ನಾಲ್ಕು ಗಂಟೆ ಮುಂಚೆ ಆಗುತ್ತಿದ್ದುದು 2025ರ ಜುಲೈನಲ್ಲಿ ಎಂಟು ಗಂಟೆಗೆ ಬಂತು, ಅದೇ ವರ್ಷದ ಡಿಸೆಂಬರ್‌ನಿಂದ ರಾತ್ರಿ ರೈಲಿಗೆ ಹತ್ತು ಗಂಟೆ ಮುಂಚೆ ಆಗುತ್ತಿದೆ. ರಾತ್ರಿ ಒಂಬತ್ತರ ರೈಲಿನ ಹಣೆಬರಹ ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಗುತ್ತದೆ. ಹಿರಿಯರ ಮುಂದೆ ಆರ್‌ಎಸಿ ಉಳಿದಿದ್ದರೆ ಆಗಲೇ ಅವರಿಗೆ ಸ್ಲೀಪರ್ ಬಸ್ಸಿನಲ್ಲಿ ಜಾಗ ಹಿಡಿಯಬಹುದು. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು ನಮ್ಮವರು ಹತ್ತದೇ ಬಿಟ್ಟರೆ ಪೂರ್ತಿ ಹಣ ವಾಪಸು ಬರುತ್ತದೆ, ಆದರೆ ರೈಲು ನಿಜವಾಗಿ ಹೊರಡುವ ಮೊದಲೇ ಅರ್ಜಿ ಹಾಕಬೇಕು. ಇದನ್ನೂ ಒಮ್ಮೆ ಹಣ ಕಳೆದುಕೊಂಡೇ ಕಲಿತದ್ದು, ಅದರ ವಿವರ ಬೇಡ.

ಕ್ರೇನಿನ ವೇಳೆಯ ಬಗ್ಗೆ ಮಾತ್ರ ಮಾಲಕರ ಜೊತೆ ಇನ್ನೂ ಜಗಳವಿದೆ. ಕ್ರೇನ್ ಬೇಕಾದ ಕೆಲಸಕ್ಕೆ ಒಂದು ದಿನ ಮೊದಲೇ ಹೋಗಲಿ ಎಂಬುದು ನನ್ನ ವಾದ. ಹಾಗಾದರೆ ರಾತ್ರಿ ರೈಲಿನ ಉಳಿತಾಯ ಎಲ್ಲಿ ಹೋಯಿತು ಎಂಬುದು ಅವರದು. ಸದ್ಯಕ್ಕೆ ಹನ್ನೊಂದು ಗಂಟೆಗೆ ರಾಜಿಯಾಗಿದೆ. ಬೆಳಗಿನ ಜಾವ ಹೊರಡುವ ವಂದೇ ಭಾರತ್ 2025ರ ಆಗಸ್ಟ್‌ನಿಂದ ಇದೆ, ಆದರೆ ಅದು ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ. ಮಾರನೆಯ ದಿನದ ಕೆಲಸಕ್ಕೆ ಚೆನ್ನ, ಅದೇ ದಿನದ್ದಕ್ಕೆ ಅಲ್ಲ. ಊಟದ ಹೊತ್ತಿಗೆ ಹುಡುಗರು ವಂದೇ ಭಾರತ್ ಸ್ಲೀಪರ್ ನಮ್ಮೂರಿಗೂ ಬಂದರೆ ಎಂದು ಮಾತಾಡುತ್ತಾರೆ. ಹೌರಾದಿಂದ ಕಾಮಾಖ್ಯಕ್ಕೆ ಓಡುವ ಆ ರೈಲಿಗೆ 16 ಬೋಗಿ, 823 ಬರ್ತ್. ಎಲ್ಲವೂ ಎಸಿ. ಆರ್‌ಎಸಿ ಇಲ್ಲ ಎಂಬುದನ್ನು ಓದಿದಾಗ ನನಗೆ ಆದ ಸಂತೋಷ ಯಾರಿಗೂ ಅರ್ಥವಾಗಲಿಲ್ಲ. ಟಿಕೆಟ್ಟಿನ ದರ ಓದಿದಾಗ ಮಾಲಕರ ಮುಖ ಹೇಗಾಗುತ್ತದೆ ಎಂದು ಊಹಿಸಿ ಹುಡುಗರು ನಕ್ಕರು.

ಕಳೆದ ವಾರ ನಾಲ್ವರು ಹೊರಟರು. ಬೆಳಗಿನ ರೈಲು ನಲವತ್ತು ನಿಮಿಷ ತಡವಾಗಿ ಬಂದದ್ದನ್ನು ನೋಡಿ, ಚಿಂತೆಯಿಲ್ಲ ಎಂದು ಗುಂಪಿಗೆ ಸಂದೇಶ ಹಾಕಿದೆ. ಮಧ್ಯಾಹ್ನ ನಾಲ್ಕೂ ಖಚಿತ. ಲೋಂಡಾದ ಹುಡುಗ ಈಗ ಬೆಳಗಾವಿಯಲ್ಲೇ ಹತ್ತುತ್ತಾನೆ, ಮನೆಯ ಊಟ ಡಬ್ಬಿಯಲ್ಲಿ ಬರುತ್ತದೆ. ಹಿರಿಯರು ಸೀಲ್ ಕಿಟ್ ಹೆಗಲಿಗೇರಿಸಿಕೊಂಡು ಕಚೇರಿಗೆ ಬಂದು, ಟಿಕೆಟ್ಟನ್ನು ಕನ್ನಡಕ ಏರಿಸಿ ನೋಡಿದರು.

"ಮೇಡಂ, ಕೆಳಗಿನ ಬರ್ತ್ ಯಾಕೆ ಹಾಕಿಸಿದಿರಿ? ಊಟ ಮುಗಿಸಿ ಕುಳಿತವರು ಹತ್ತರವರೆಗೆ ಏಳುವುದಿಲ್ಲ. ಮೇಲಿನದಾದರೆ ರೈಲು ಹತ್ತಿದ ಕೂಡಲೇ ಮಲಗಬಹುದು ರೀ."

ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ 'ಮೇಲಿನದು' ಎಂದು ಬರೆದುಕೊಂಡೆ.