ಅಫೀಮಿನ ದುಡ್ಡು, ಬರ್ನೆರಾದ ಕಲ್ಲುಗುಪ್ಪೆ

ಸ್ಕಾಟ್ಲೆಂಡಿನ ಉಲ್ಲಾಪೂಲ್ ಬಂದರಿನಿಂದ ಲೂಯಿಸ್ ದ್ವೀಪದ ಸ್ಟಾರ್ನೋವೇಗೆ ಹಡಗಿನಲ್ಲಿ ಎರಡೂವರೆ ಗಂಟೆಗೂ ಮೇಲೆ ಬೇಕು. ಬೇಸಿಗೆಯಲ್ಲಿ ಕಾರಿಗೆ ಮೊದಲೇ ಜಾಗ ಕಾದಿರಿಸದವರು ದಡದಲ್ಲೇ ಉಳಿಯುತ್ತಾರೆ. ಗಾಳಿ ಜೋರಾದರೆ ಹಡಗೇ ರದ್ದು. ಹಾಗಾಗಿ ವಾಪಸಾಗುವ ದಿನವೇ ವಿಮಾನ ಇಟ್ಟುಕೊಳ್ಳಬಾರದು.

ಸ್ಟಾರ್ನೋವೇ ಬಂದರಿನ ಆಚೆ ದಡದಲ್ಲಿ ಲೂಸ್ ಕ್ಯಾಸಲ್, ಸುತ್ತ ದಟ್ಟ ಮರಗಳು. ಮರವೇ ಅಪರೂಪವಾದ ಲೂಯಿಸ್ ದ್ವೀಪದಲ್ಲಿ ಇದು ಹೊರಗಿನಿಂದ ಮಣ್ಣು ತರಿಸಿ ನೆಡಿಸಿದ ಕಾಡು. ನೆಡಿಸಿದಾತ ಜೇಮ್ಸ್ ಮ್ಯಾಥೆಸನ್. 1832ರಲ್ಲಿ ಕ್ಯಾಂಟನ್‌ನಲ್ಲಿ ವಿಲಿಯಂ ಜಾರ್ಡೀನ್ ಜೊತೆ ಕಂಪನಿ ಕಟ್ಟಿ, ನಮ್ಮ ಮಾಳವ, ಬಿಹಾರಗಳಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರಿದವನು. ಆ ದುಡ್ಡಿನಲ್ಲಿ 1844ರಲ್ಲಿ ಇಡೀ ದ್ವೀಪವನ್ನೇ ಕೊಂಡ. 1847ರಿಂದ 1868ರವರೆಗೆ ರಾಸ್ ಮತ್ತು ಕ್ರೊಮಾರ್ಟಿಯ ಸಂಸದನಾಗಿದ್ದ. ಆಲೂಗೆಡ್ಡೆ ಕೊಳೆತು ಬರ ಬಿದ್ದಾಗ ಜನಕ್ಕೆ ಕಾಳು ಕೊಟ್ಟನೆಂದು ಬ್ಯಾರನೆಟ್ ಎಂಬ ವಂಶಪಾರಂಪರ್ಯ ಬಿರುದು ಸಿಕ್ಕಿತು. ಗೇಣಿ ಕಟ್ಟಲಾಗದವರನ್ನು 1851ರಿಂದ ಕೆನಡಾದ ಹಡಗು ಹತ್ತಿಸಿದ್ದೂ ಇದೇ ದೊರೆ. (ಟಿಪ್ಪುವಿನ ನಂತರ ಮೈಸೂರು ಸೀಮೆಯನ್ನು ಅಳೆದ, ಊರೂರಿನ ಚರಿತ್ರೆಯ ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ್ದೂ ಸ್ಟಾರ್ನೋವೇಯಲ್ಲೇ.)

ಕ್ಯಾಸಲ್‌ನ ವೈಭವಕ್ಕಿಂತ ಇತಿಹಾಸಪೂರ್ವ ಕಾಲದ ಕ್ಯಾಲನಿಷ್ ನಿಲುಗಲ್ಲುಗಳು ನೋಡತಕ್ಕವು. ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ಚಳಿ, ತೇವದಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ ಪದರಪದರವಾಗಿ ಪೀಟ್ ಆಗುತ್ತದೆ. ಅದು ಕಲ್ಲುಗಳ ಬುಡವನ್ನು ಸುಮಾರು ಒಂದೂವರೆ ಮೀಟರ್ ಮುಚ್ಚಿತ್ತು. 1857ರಲ್ಲಿ ಅದನ್ನು ತೆಗೆಸಿದ್ದು ಮ್ಯಾಥೆಸನ್. ಈ ಒಂದು ಕೆಲಸಕ್ಕೆ ಅವನನ್ನು ಹೊಗಳಬಹುದು.

ಗ್ಯಾರಿನಾಹೈನ್ ದಾಟಿ ಎಡಕ್ಕೂ ಬಲಕ್ಕೂ ಹೊರಳುತ್ತ ಬರ್ನೆರಾ ಎಂಬ ಪುಟ್ಟ ದ್ವೀಪಕ್ಕೆ ಹೋಗುವ ರಸ್ತೆ ಒಂದೇ ಗಾಡಿಯ ಅಗಲ. ಎದುರು ಕಾರು ಬಂದಾಗ ಸರಿದುಕೊಳ್ಳುವ ಜಾಗ ಎಡಕ್ಕಿದ್ದರೆ ಒಳಗೆ ನಿಲ್ಲಬೇಕು. ಬಲಕ್ಕಿದ್ದರೆ ಅದರ ನೇರಕ್ಕೆ ರಸ್ತೆಯಲ್ಲೇ ಕಾಯಬೇಕು. ಫೋಟೋಕ್ಕೆಂದು ಅಲ್ಲಿ ಕಾರು ಬಿಟ್ಟುಹೋಗುವವರ ಮೇಲೆ ಊರವರಿಗೆ ಸಿಟ್ಟು. ಅಂಚಿನ ಹುಲ್ಲಿಗೆ ಇಳಿಸಿದರೂ ಅಡಿಯ ಪೀಟ್‌ನಲ್ಲಿ ಚಕ್ರ ಹೂತುಹೋಗುತ್ತದೆ. ಭಾನುವಾರ ಪೆಟ್ರೋಲ್ ಸಿಗುವುದು ಕಷ್ಟ, ಶನಿವಾರವೇ ತುಂಬಿಸಿಕೊಳ್ಳಿ.

ಬರ್ನೆರಾದಲ್ಲಿ ಗೇಣಿದಾರರ ಗಲಭೆಯೊಂದರ ನೆನಪಿಗೆ ಕಟ್ಟಿದ ಕಲ್ಲುಗುಪ್ಪೆಯಿದೆ. ಮ್ಯಾಥೆಸನ್‌ನ ಪಾರುಪತ್ತೇದಾರ ಡೊನಾಲ್ಡ್ ಮನ್ರೋ ಇಲ್ಲಿನ ಗೇಣಿದಾರರಿಂದ ಬೇಸಿಗೆ ಗೋಮಾಳ ಕಿತ್ತುಕೊಂಡು ಬೇರೆ ಜಾಗ ಕೊಟ್ಟ. ಎರಡೇ ವರ್ಷಕ್ಕೆ ಅದನ್ನೂ ಬಿಡಿ ಎಂದ. ಒಪ್ಪದಿದ್ದಕ್ಕೆ 1874ರಲ್ಲಿ ಒಕ್ಕಲೆಬ್ಬಿಸುವ ನೋಟಿಸು. ನೋಟಿಸು ತಂದ ಅಮೀನನಿಗೆ ಮಣ್ಣಹೆಂಟೆ ಬಿತ್ತು, ಕೋಟು ಹರಿಯಿತು. ಒಬ್ಬನನ್ನು ಹಿಡಿದಾಗ ನೂರಕ್ಕೂ ಹೆಚ್ಚು ಗಂಡಸರು ಬ್ಯಾಗ್‌ಪೈಪ್ ಊದಿಸಿಕೊಂಡು ಸ್ಟಾರ್ನೋವೇಗೆ ನಡೆದರು. 1953ರವರೆಗೆ ಇಲ್ಲಿಗೆ ಸೇತುವೆಯೇ ಇರಲಿಲ್ಲ, ಅಂದರೆ ದೋಣಿ ದಾಟಿದ ಮೇಲೆ ಆ ನಡಿಗೆ. ಕ್ಯಾಸಲ್‌ನಲ್ಲಿ ದೊರೆ ಎದುರಾದ. ತನಗೆ ಇದೊಂದೂ ಗೊತ್ತಿಲ್ಲವೆಂದ. ಇಡೀ ದ್ವೀಪದ ಒಡೆಯನಿಗೆ!

ಅಮೀನನ ಮೇಲಿನ ಹಲ್ಲೆಯ ವಿಚಾರಣೆಯಲ್ಲಿ ಮೂವರು ಆರೋಪಿಗಳೂ ಬಿಡುಗಡೆಯಾದರು. ಬಳಿಕ ಮನ್ರೋನ ಹುದ್ದೆ ಹೋಯಿತು. ಮ್ಯಾಥೆಸನ್ 1878ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಸಮಾಧಿ ಹುಟ್ಟೂರ ಸೀಮೆಯ ಲೇರ್ಗ್‌ನಲ್ಲಿದೆ, ಉಲ್ಲಾಪೂಲ್‌ಗೆ ಮರಳಿದ ಮೇಲೆ ಕಾರಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ.