ಹೋಗು ಅಂದರೂ ಹೋಗದ ನಾಯಿ

ಅಕ್ಟೋಬರ್ 15, 2024, ಮಂಗಳವಾರ
ಮಾರಿಸ್‌ಟೌನ್, ನ್ಯೂಜೆರ್ಸಿ

ಬೆಳಿಗ್ಗೆ ಅಮ್ಮನ ಜೊತೆ ಸೌತ್ ಸ್ಟ್ರೀಟಿಗೆ ಹೋಗಿದ್ದೆ. ಕಣ್ಣು ಕಾಣದವರು ಗೈಡ್ ನಾಯಿ ಹಿಡಿದು ನಡೆಯುವುದು ಈ ಊರಲ್ಲಿ ಮಾಮೂಲಿ. ಗೈಡ್ ನಾಯಿಗಳನ್ನು ತಯಾರು ಮಾಡುವ, 1929ರಲ್ಲಿ ಶುರುವಾದ 'ದಿ ಸೀಯಿಂಗ್ ಐ' ಶಾಲೆ ಈಗ ಇರುವುದು ಇಲ್ಲೇ. ತರಬೇತಿಯೂ ಇದೇ ಬೀದಿಗಳಲ್ಲಿ.

ಸಿಗ್ನಲ್ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಎಡಗೈಯಲ್ಲಿ ನಾಯಿಯ ಮೈಗೆ ಕಟ್ಟಿದ ಪಟ್ಟಿಯ, ಅಂದರೆ ಹಾರ್ನೆಸ್ಸಿನ, ಹಿಡಿ, ಪಕ್ಕದಲ್ಲಿ ಕಪ್ಪು ಲ್ಯಾಬ್ರಡಾರ್, ಸ್ವಲ್ಪ ಹಿಂದೆ ತರಬೇತುದಾರ. ಆಕೆ ತಲೆ ವಾಲಿಸಿ ಗಾಡಿಗಳ ಸದ್ದು ಕೇಳುತ್ತಿದ್ದರು. ಎದುರಿನ ಸದ್ದು ನಿಂತು ಪಕ್ಕದ ಗಾಡಿಗಳು ಹೊರಟವು. ಈಗ ದಾಟಬಹುದು ಅಂದುಕೊಂಡು ಆಕೆ "ಫಾರ್ವರ್ಡ್" ಅಂದರು. ನಾಯಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಒಂದು ಎಲೆಕ್ಟ್ರಿಕ್ ಕಾರು ಸದ್ದಿಲ್ಲದೆ ತಿರುಗಿ ಅವರ ಮುಂದೆಯೇ ಹೋಯಿತು.

"ನಾಯಿಗೆ ಸಿಗ್ನಲ್ ಗೊತ್ತಾಗತ್ತೇನೇ?" ಅಂದರು ಅಮ್ಮ.

ಗೊತ್ತಾಗುವುದಿಲ್ಲ. ಯಾವಾಗ ದಾಟಬೇಕು, ಎಲ್ಲಿ ತಿರುಗಬೇಕು ಅನ್ನುವ ಲೆಕ್ಕವೆಲ್ಲ ಆಕೆಯದೇ. ದಿನಾ ಹೋಗುವ ದಾರಿ ನಾಯಿಗೂ ರೂಢಿಯಾಗುತ್ತೆ, ಅದು ಬೇರೆ. ಕಂಬ, ಗುಂಡಿ, ತಲೆಗೆ ತಾಗುವ ಕೊಂಬೆ ತಪ್ಪಿಸುವುದು, ಮೆಟ್ಟಿಲು ಬಂದರೆ ನಿಲ್ಲುವುದು ನಾಯಿಯ ಪಾಲು. ಅಪಾಯ ಕಂಡರೆ ಮಾತು ಕೇಳಬಾರದು ಅಂತಲೂ ಅದಕ್ಕೆ ಕಲಿಸಿರುತ್ತಾರೆ. ನನ್ನ ಕೇಳಿದರೆ ಆಕೆಯ ಕೆಲಸವೇ ಜಾಸ್ತಿ ಕಷ್ಟ. ನಾಯಿ ನಿಂತದ್ದು ಕಾರು ಕಂಡೋ, ಅಳಿಲು ಕಂಡೋ? ಕೈಯಲ್ಲಿರುವ ಹಿಡಿಯಿಂದಲೇ ತಿಳಿಯಬೇಕು. ಅನುಮಾನ ಬಂದರೆ ನಾಯಿಯನ್ನೇ ನಂಬಬೇಕು. ಇದು ಶಾಲೆಯಲ್ಲಿ ಕಳೆಯುವ ಮೂರ್ನಾಲ್ಕು ವಾರದಲ್ಲಿ ಮುಗಿಯುವ ಪಾಠವಲ್ಲ. ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಬೇಕು.

ಎಷ್ಟೇ ಜಾಣ ನಾಯಿಯಾದರೂ ಎಲ್ಲರಿಗೂ ಹೊಂದುವುದಿಲ್ಲ. ಅದಕ್ಕೇ ಮೊದಲು 'ಜೂನೋ ವಾಕ್' ಮಾಡಿಸುತ್ತಾರೆ. ನಾಯಿ ಇರುವುದಿಲ್ಲ. ತರಬೇತುದಾರರೇ ನಾಯಿಯ ಜಾಗದಲ್ಲಿ ಹಾರ್ನೆಸ್ ಹಿಡಿದು ಎಳೆಯುತ್ತಾ ನಡೆಯುತ್ತಾರೆ. ನಾಯಿ ಪಡೆಯುವವರ ನಡಿಗೆ ಎಷ್ಟು ಚುರುಕು, ಎಷ್ಟು ಎಳೆತ ತಡೆಯುತ್ತಾರೆ ಅಂತ ಅದರಲ್ಲೇ ಗೊತ್ತಾಗುತ್ತೆ. ಎತ್ತರ, ಮನೆಯಲ್ಲಿ ಮಕ್ಕಳಿದ್ದಾರಾ, ಊರು ಗದ್ದಲದ್ದಾ, ದಿನಕ್ಕೆ ಎಷ್ಟು ಓಡಾಟ, ಎಲ್ಲ ವಿಚಾರಿಸಿ ನಾಯಿ ಆರಿಸುತ್ತಾರೆ. "ಜಾತಕ ಕೂಡಿಸೋದು ಅನ್ನು" ಅಂತ ಅಮ್ಮ ನಕ್ಕರು.

ಕಾರು ಹೋದ ಮೇಲೆ ಆಕೆ ನಾಯಿಯ ಕತ್ತು ಸವರಿ ಬಾಯ್ತುಂಬ ಹೊಗಳಿದರು. ನಾಯಿ ಮಾತ್ರ ಒಮ್ಮೆ ಹಿಂದಿರುಗಿ ತರಬೇತುದಾರನನ್ನೇ ನೋಡಿತು. ಇಷ್ಟು ದಿನ ಕಲಿಸಿದವನು ಅವನೇ ಅಲ್ವಾ? ಅವನು ಬೇಕೆಂದೇ ಬೇರೆ ಕಡೆ ಮುಖ ಮಾಡಿಕೊಂಡ.

ಅಮ್ಮ ಆಗಲೇ ಬ್ಯಾಗಿನಿಂದ ಬಿಸ್ಕತ್ತು ತೆಗೆದಿದ್ದರು. ತಡೆದೆ. ಹಾರ್ನೆಸ್ ಹಾಕಿದ ನಾಯಿ ಕೆಲಸದಲ್ಲಿರುತ್ತೆ, ಮುಟ್ಟಬಾರದು, ಕರೆಯಬಾರದು.

"ಒಂದೇ ಒಂದೂ ಕೊಡಬಾರದಾ?"

"ಕೊಡಬಾರದಮ್ಮಾ."

ಅಮ್ಮ ಮುಖ ಊದಿಸಿಕೊಂಡು ಅದನ್ನ ತಾವೇ ತಿಂದರು.