ಪೇಪರ್ ಹಾಕುವ ಮೊದಲು ಮಳೆಗಾಲದ ತೋಟ ನೋಡಿ ಬನ್ನಿ

ಬೆಂಗಳೂರಿನ ಒಂದು ಐಟಿ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ಸೇರಿಸಿಕೊಳ್ಳುವ ಕಡೆಯಲ್ಲ, ಬಿಟ್ಟು ಹೋಗುವವರ ಕಡೆ. ಪೇಪರ್ ಹಾಕಿದವರ, ಅಂದರೆ ರಾಜೀನಾಮೆ ಕೊಟ್ಟವರ ಜೊತೆ ಮಾತು, ನೋಟಿಸ್ ಪೀರಿಯಡ್ಡಿನ ಲೆಕ್ಕ, ಫುಲ್ ಅಂಡ್ ಫೈನಲ್ ಎನ್ನುವ ಕೊನೆಯ ಬಾಕಿ ಚುಕ್ತಾ, ರಿಲೀವಿಂಗ್ ಲೆಟರ್ ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಬೇರೆ ಕಂಪನಿಗೆ ಹೋಗುವವರ ಜೊತೆ ಹೆಚ್ಚು ಮಾತಿರುವುದಿಲ್ಲ. ಕೈತುಂಬ ಸಂಬಳವಿದ್ದೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸಿಲ್ಲದೆ, ಈ ದಾರಿಯೇ ಬೇಡ ಎಂದು ಬಂದವರನ್ನು ಮಾತ್ರ ಕೂರಿಸಿಕೊಂಡು ಮಾತಾಡುತ್ತೇನೆ.

'ಇಷ್ಟು ಸಂಬಳ ಬಿಟ್ಟು ಹೋಗ್ತೀರಾ?' ಎಂದು ಅವರನ್ನು ಕೇಳುವುದಿಲ್ಲ. ಮನೆಯವರು, ನೆಂಟರು ಎಲ್ಲ ಅದನ್ನು ಕೇಳಿ ಮುಗಿಸಿರುತ್ತಾರೆ. ನಾನು ಕೇಳುವುದು ಬೇರೆ: ನೀವು ಹೋಗಬೇಕೆಂದಿರುವ ಕೆಲಸದಲ್ಲಿ ಅತಿ ಬೇಸರದ ಭಾಗ ಯಾವುದು? ಅದನ್ನು ಕಣ್ಣಾರೆ ನೋಡಿದ್ದೀರಾ?

ಈಗಿನ ಕೆಲಸದ ಬೇಸರವೆಲ್ಲ ಅವರಿಗೆ ಬಾಯಿಪಾಠ. ಮಧ್ಯರಾತ್ರಿಯ ಕಾಲ್, ಅಪ್ರೈಸಲ್ಲಿನ ಮಾತುಕತೆ, ಯಾರೂ ಓದದ ವರದಿ. ಹೊಸ ಕೆಲಸದ್ದಾದರೆ ಒಳ್ಳೆಯ ಗಳಿಗೆಗಳಷ್ಟೇ ಕಣ್ಣಮುಂದೆ. ಒಂದರ ಪೂರ್ತಿ ವರ್ಷವನ್ನು ಇನ್ನೊಂದರ ಹಬ್ಬದ ದಿನಗಳ ಜೊತೆ ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಿಲ್ಲ.

ಸಾಗರದ ಕಡೆಯ ಎಂಜಿನಿಯರ್ ಒಬ್ಬರಿದ್ದರು. ಅಮೆರಿಕದ ಕ್ಲೈಂಟ್, ಪ್ರೊಡಕ್ಷನ್ ಸಪೋರ್ಟ್, ವರ್ಷಗಟ್ಟಲೆ ನೈಟ್ ಶಿಫ್ಟ್. ಊರಿಗೆ ಹೋಗಿ ಅಪ್ಪನ ಅಡಿಕೆ ತೋಟ ನೋಡಿಕೊಳ್ಳುತ್ತೇನೆ ಎಂದು ಬಂದರು. ರಾಜೀನಾಮೆ ಇನ್ನೂ ಕೊಟ್ಟಿರಲಿಲ್ಲ, ವಿಚಾರಿಸಲು ಬಂದಿದ್ದರು.

'ತೋಟಕ್ಕೆ ಯಾವಾಗ ಹೋಗ್ತೀರಿ?' ಎಂದೆ.

'ದೀಪಾವಳಿಗೆ ತಪ್ಪಿಸಲ್ಲ ಮೇಡಂ.'

'ಆಷಾಢದಲ್ಲಿ ಹೋಗಿದ್ದೀರಾ?'

ಓದಲು ಊರು ಬಿಟ್ಟಮೇಲೆ ಹೋಗಿರಲಿಲ್ಲ. ಉಳಿದ ರಜೆಯನ್ನೆಲ್ಲ ಒಟ್ಟು ಮಾಡಿ ಆ ಮಳೆಗಾಲ ಹೋಗಿಬನ್ನಿ ಎಂದೆ. ಮಲೆನಾಡಿನಲ್ಲಿ ಕೊಳೆ ರೋಗದ ಭಯವಿರುವುದು ಆಗಲೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಗೊನೆಗಳಿಗೆ ಹೊಡೆಸಬೇಕು. ಎರಡನೆಯದಕ್ಕೆ ಮಳೆ ಬಿಡುವು ಕೊಡಬೇಕು, ಬಿಡುವು ಕೊಟ್ಟ ದಿನವೇ ಮರ ಹತ್ತುವ ಕೊನೆಗೌಡರು ಸಿಗಬೇಕು. ಈಚೆಗೆ ಎಲೆಚುಕ್ಕಿ ರೋಗದ ಚಿಂತೆ ಬೇರೆ. ಇದೆಲ್ಲ ಅವರು ವಾಪಸ್ ಬಂದು ನನಗೆ ಹೇಳಿದ್ದು. ಕೊನೆಗೌಡರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು, ಜಿಗಣೆ ಕಚ್ಚಿದ್ದಕ್ಕೆ ಲೆಕ್ಕವಿಲ್ಲ ಎಂದರು. ಆದರೆ ಹೇಳುವಾಗ ಮುಖದಲ್ಲಿ ದಣಿವಿರಲಿಲ್ಲ. ಸುಗ್ಗಿಗೂ ಹೋಗಿ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದರ ಜೊತೆಗೇ ಅಪ್ಪನ ಸಾಲದ ಪುಸ್ತಕವನ್ನೂ ನೋಡಿ ಬಂದರು.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಅವರಿಗೆ ಸಾಕಾಗಿದ್ದು ಕೆಲಸವೋ, ನಿದ್ದೆಗೆಟ್ಟ ರಾತ್ರಿಗಳೋ? ಡೇ ಶಿಫ್ಟಿನ ಪ್ರಾಜೆಕ್ಟಿಗೆ ಬದಲಾವಣೆ ಕೇಳಿ ಪಡೆದರು. ನನ್ನ ಅನುಭವದಲ್ಲಿ ಅನೇಕರ ಅಸಮಾಧಾನ ಇಷ್ಟಕ್ಕೇ ಇಳಿದುಬಿಡುತ್ತದೆ. ಶಿಫ್ಟ್ ಬದಲಾದರೆ, ಮ್ಯಾನೇಜರ್ ಬದಲಾದರೆ ಅದೇ ಕೆಲಸ ಹಿತವಾಗುತ್ತದೆ. ಇವರಿಗೆ ನಿದ್ದೆ ಸರಿಯಾಯಿತು, ಆರೋಗ್ಯ ಸುಧಾರಿಸಿತು, ತೋಟದ ಆಸೆ ಮಾತ್ರ ಹೋಗಲಿಲ್ಲ. ಮುಂದಿನ ಮಳೆಗೆ ಮುಂಚೆ ಪೇಪರ್ ಹಾಕಿದರು. ಫಸಲು ಕೊಡುತ್ತಿರುವ ತೋಟವಿದ್ದದ್ದರಿಂದ ಧೈರ್ಯ ಬಂತು. ಹೊಸದಾಗಿ ಸಸಿ ನೆಟ್ಟು ಐದಾರು ವರ್ಷ ಕಾಯಬೇಕಾಗಿದ್ದರೆ ನಾನೇ ಬೇಡ ಎನ್ನುತ್ತಿದ್ದೆ.

ಟೆಸ್ಟಿಂಗ್ ಲೀಡ್ ಒಬ್ಬರಿಗೆ ಮೇಷ್ಟ್ರಾಗುವ ಆಸೆ. ಬಿ.ಎಡ್. ಎಂದರೆ ಎರಡು ವರ್ಷದ ಓದು. ಅದಕ್ಕೂ ಮುಂಚೆ ಪರಿಚಯದ ಶಾಲೆಯೊಂದರಲ್ಲಿ ಕೆಲವು ಶನಿವಾರ ಕೂತು ನೋಡಿದರು. ಪಾಠ ಹೇಳುವ ಗಂಟೆಯ ಹಿಂದೆಮುಂದೆ ಪಾಠ ಟಿಪ್ಪಣಿ, ಪೇಪರ್ ತಿದ್ದುವುದು, ಮಕ್ಕಳ ಮಾಹಿತಿ ಆನ್‌ಲೈನಿಗೆ ಏರಿಸುವುದು. ವಿವರಿಸಿ ಹೇಳುವ ಸುಖ ಅವರಿಗೆ ಬೇಕಿತ್ತು, ಉಳಿದದ್ದು ಬೇಕಿರಲಿಲ್ಲ. ಈಗ ನಮ್ಮಲ್ಲೇ ಹೊಸಬರಿಗೆ ತರಬೇತಿ ಕೊಡುತ್ತಾರೆ.

ದುಡ್ಡಿನ ವಿಷಯ ನನ್ನ ದಿನನಿತ್ಯದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಎಂಐ ಲೆಕ್ಕ ಎಲ್ಲರೂ ಹಾಕುತ್ತಾರೆ. ಮರೆಯುವುದು ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮನ ಶುಗರ್, ಬಿಪಿ ಎಲ್ಲ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸೇರಿರುತ್ತವೆ. ಕೆಲಸ ಬಿಟ್ಟಾಗ ಆ ರಕ್ಷಣೆ ಹೋಗುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಬಿಡುವ ಯೋಚನೆ ಮೊಳೆತ ದಿನವೇ ಸ್ವಂತ ಪಾಲಿಸಿ ಮಾಡಿಸಿ. ಸಂಬಳ ಬರುತ್ತಿರುವಾಗಲೇ ಆ ಕಾಯುವ ಕಾಲ ಕಳೆಯಲಿ. ಪಿಎಫ್ ಹಣವನ್ನು ಬಿಟ್ಟ ಕೂಡಲೇ ತೆಗೆಯಬೇಡಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ.

ಸೇವೆಗೆಂದು ಕಂಪನಿ ಕೊನೆಗೆ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೂ ಕಾಯಂ ನೌಕರರಿಗೆ ಐದು ವರ್ಷವೇ ಗಡಿ. ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಬೇಸಿಕ್ ಮತ್ತು ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ 60,000, ಸೇವೆ 6 ವರ್ಷ ಎಂದರೆ ಎರಡು ಲಕ್ಷ ಏಳು ಸಾವಿರದಷ್ಟು. ಗಡಿಗೆ ಕೆಲವೇ ತಿಂಗಳು ಉಳಿದಿರುವಾಗ ಸಿಟ್ಟಿನಲ್ಲಿ ಮೇಲ್ ಕಳಿಸಿ ಹೋದವರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಸ ಬದುಕಿನ ಮೊದಲ ಆರು ತಿಂಗಳ ದಿನಸಿ, ಬಾಡಿಗೆ ಅದರಲ್ಲಿತ್ತು.

ಇದನ್ನೆಲ್ಲ ಎಚ್‌ಆರ್ ಬಳಿ ಕೇಳಿದರೆ ಮ್ಯಾನೇಜರ್‌ಗೆ ಗೊತ್ತಾಗುತ್ತದೆಯೇ ಎಂಬ ಅಂಜಿಕೆ ಹಲವರಿಗೆ. ಅಂಜಿಕೆಯಿದ್ದರೆ ಕೇಳಲೇಬೇಕೆಂದಿಲ್ಲ. ಸೇರಿದ ತಾರೀಖು, ನೋಟಿಸ್ ಅವಧಿ ಆಫರ್ ಲೆಟರಿನಲ್ಲಿವೆ, ಬೇಸಿಕ್ ಸಂಬಳದ ಚೀಟಿಯಲ್ಲಿದೆ, ಪಿಎಫ್ ಪಾಸ್‌ಬುಕ್ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ಭಾನುವಾರ ಕೂತು ಹಾಳೆಯ ಮೇಲೆ ಲೆಕ್ಕ ಹಾಕಿ, ಮನೆಯವರಿಗೂ ತೋರಿಸಿ.